ಹುಣಸೆ ಮಂಡಿಯ ಮನೆಗೆ ಸೋಡ ತಂದವಳು

ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಅದನ್ನು ಬಲಗಾಲಲ್ಲಿ ಒದ್ದು ಹೊಸ ಸೊಸೆಯರಾದ ನಾವಿಬ್ಬರೂ ಒಳಗೆ ಬರಬೇಕಾಗಿತ್ತು. ಹಿರಿಯ ಸೊಸೆಯಾದ್ದರಿಂದ ಮೊದಲ ಸರದಿ ಅವಳದು. ಕಾಲೆತ್ತಿದವಳು ಹಾಗೇ ನಿಂತುಬಿಟ್ಟಳು. ಮೂಗನ್ನು ತುಸು ಮೇಲಕ್ಕೆತ್ತಿ, ಕಣ್ಣು ಅರೆ ಮುಚ್ಚಿ, ಗಾಳಿ ಎಳೆದುಕೊಂಡಳು. ಹಿಂದೆ ಓಲಗದವರು ಊದುತ್ತಲೇ ಇದ್ದರು. ಆರತಿ ತಟ್ಟೆ ಹಿಡಿದಿದ್ದ ಅತ್ತೆ, "ಒದಿಯಮ್ಮ, ಹೊತ್ತು ಮೀರ್ತೈತೆ" ಎಂದರು. ಅವಳು ಒದೆಯಲಿಲ್ಲ.

"ಬಾಗ್ಲ ಹಿಂದೆ ಚಿತ್ರಾನ್ನ ಹಳಸೈತೆ" ಎಂದಳು.

ಮದುವಣಗಿತ್ತಿ ಗಂಡನ ಮನೆಯಲ್ಲಿ ಆಡಿದ ಮೊದಲ ಮಾತು ಅದು. ಓಲಗ ನಿಂತಿತು. ಯಾರೋ ಬಾಗಿಲ ಹಿಂದಿನ ಗೂಡಿಗೆ ಕೈ ಹಾಕಿದರೆ, ನಿಜವಾಗಿಯೂ ಒಂದು ಎಲೆಯ ಪೊಟ್ಟಣ ಸಿಕ್ಕಿತು. ಆಮೇಲೆ ತಿನ್ನೋಣವೆಂದು ಗಂಡಿನ ಕಡೆಯ ದೊಡ್ಡ ಮನುಷ್ಯರೊಬ್ಬರು ಹಿಂದಿನ ದಿನ ಬಚ್ಚಿಟ್ಟು ಮರೆತಿದ್ದರು. ಅವರ ಹೆಸರನ್ನು ಯಾರೂ ಹೇಳಲಿಲ್ಲ. ಅವರೇ ಎದ್ದು ಹೋಗಿ ಪೊಟ್ಟಣವನ್ನು ಬೀದಿಗೆ ಎಸೆದು ಬಂದರು. ಆಮೇಲೆ ಅವಳು ಸಂತೋಷವಾಗಿ ಸೇರನ್ನು ಒದ್ದಳು.

ಅವಳು ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಅಣ್ಣತಮ್ಮಂದಿರ ಮದುವೆ ಒಂದೇ ಚಪ್ಪರದಲ್ಲಿ ಆಗಿತ್ತು. ನಾನು ಕೊಡಿಕೊಂಡದ ಪಕ್ಕದ ಹಳ್ಳಿಯಿಂದ, ಅವಳು ಕಲ್ಯಾಣದುರ್ಗದಿಂದ, ಹಿಂದೂಪುರದ ಈ ಹುಣಸೆ ಮಂಡಿಯ ಮನೆಗೆ ಒಂದೇ ದಿನ ಬಂದೆವು. ನನಗಿಂತ ಸ್ವಲ್ಪವೇ ದೊಡ್ಡವಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಈ ಬೇಸಿಗೆಯಲ್ಲಿ ತುಂಬು ವಯಸ್ಸಿನಲ್ಲಿ ತೀರಿಕೊಂಡಳು. ಮಣ್ಣಿಗೆ ಬಂದವರೆಲ್ಲ "ಸೋಡದಮ್ಮ ಹೋಗ್ಬುಟ್ರು" ಎಂದು ಕಣ್ಣೊರೆಸಿಕೊಂಡರು. ಅವಳ ನಿಜವಾದ ಹೆಸರು ಅವರಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಮರಿಮಗಳೊಬ್ಬಳು "ಮುತ್ತಜ್ಜಿ ಗೋಲಿಸೋಡ ಮಾರ್ತಿದ್ರಾ?" ಎಂದು ಕೇಳಿದಳು. ಹಾಗೆ ತಿಳಿದುಕೊಂಡೇ ಆ ಮಗು ದೊಡ್ಡದಾಗುವುದು ಬೇಡ ಎಂದು ಇದನ್ನು ಬರೆಯುತ್ತಿದ್ದೇನೆ.

ಅವಳದು ತಿನ್ನೋ ಸೋಡ. ಬೋಂಡಕ್ಕೆ, ಬೇಳೆಗೆ ಚಿಟಿಕೆ ಹಾಕುತ್ತೇವಲ್ಲ, ಅದೇ ನುಣ್ಣನೆಯ ಬಿಳಿ ಪುಡಿ. ಬಟ್ಟೆ ಒಗೆಯುವ ಸೋಡ ಬೇರೆ. ಇವೆರಡರ ವ್ಯತ್ಯಾಸ ನಮ್ಮ ಮನೆಯಲ್ಲಿ ಒಬ್ಬರಿಗೆ ಬಹಳ ತಡವಾಗಿ ತಿಳಿಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಅವಳ ಅಪ್ಪ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನ ಪಕ್ಕ ಸಣ್ಣ ಹೋಟೆಲು ಇಟ್ಟಿದ್ದರು. ಕಡಲೆಕಾಯಿ ಮಾರಲು ಬಂದ ಹಳ್ಳಿಯವರೆಲ್ಲ ಅಲ್ಲೇ ಕಾಫಿ ಕುಡಿಯುವುದು. ಲೋಟದಲ್ಲಿ ಹಿಂದಿನ ಕಾಫಿಯ ವಾಸನೆ ಇರಬಾರದು ಎನ್ನುವುದು ಆ ಮನುಷ್ಯನ ಹಟ. ತಾಯಿಯಿಲ್ಲದ ಮಗಳನ್ನು ಗಲ್ಲಾ ಪಕ್ಕದಲ್ಲಿ ಕೂರಿಸಿಕೊಂಡು, ತೊಳೆದ ಲೋಟಗಳನ್ನು ಅವಳ ಮೂಗಿಗೆ ಹಿಡಿದು, "ಏಮಮ್ಮಾ, ಪೋಯಿಂದಾ?" ಎಂದು ಕೇಳುತ್ತಿದ್ದರಂತೆ. ಹೋಯಿತು ಎಂದರೆ ಗಿರಾಕಿಗೆ, ಇಲ್ಲ ಎಂದರೆ ಮತ್ತೆ ಸೋಡ ಹಾಕಿ ಉಜ್ಜುವುದಕ್ಕೆ. ಹಾಗೆ ಬೆಳೆದ ಮೂಗು ಅದು. ಮದುವೆಗೆ ಅಪ್ಪ ಕೊಟ್ಟ ಟ್ರಂಕಿನಲ್ಲಿ ಸೀರೆಗಳ ನಡುವೆ ಒಂದು ದೊಡ್ಡ ಡಬ್ಬಿ ಸೋಡವೂ ಇತ್ತು. ನಮ್ಮ ಅತ್ತೆ ಅದನ್ನು ಮುಖಕ್ಕೆ ಹಾಕುವ ಪೌಡರೆಂದು ತಿಳಿದು, ಯಾರೂ ಇಲ್ಲದ ಹೊತ್ತಿನಲ್ಲಿ ಚೆನ್ನಾಗಿ ಬಳಿದುಕೊಂಡು, ಅರಿಶಿನ ಕುಂಕುಮಕ್ಕೆ ಹೋಗಿ ಬಂದರು. ಅಕ್ಕ ಎದುರಿಗೆ ಸಿಕ್ಕಾಗ ಮುಖ ನೋಡಿ, ಒಳಗೆ ಬಂದು ನನ್ನ ಕಿವಿಯಲ್ಲಿ, "ಅತ್ತೆ ಬೋಂಡದ ಥರ ಉಬ್ದೇ ಇದ್ರೆ ಸಾಕು ಕಣೆ" ಎಂದಳು.

ನಮ್ಮ ಮನೆಯ ವಾಸನೆಯ ವಿಷಯ ಹೇಳಬೇಕು. ಆ ದೊಡ್ಡ ಮನೆಯಲ್ಲಿ ನಾವು ಹುಣಸೆಹಣ್ಣಿನ ಜೊತೆ ವಾಸವಾಗಿದ್ದೆವು. ಪಡಸಾಲೆಯ ಅರ್ಧ, ಎಡಗಡೆಯ ಎರಡು ಕೋಣೆ, ಅಟ್ಟ, ಎಲ್ಲವೂ ಅದರದು. ಮಿಕ್ಕಿದ ಜಾಗ ನಮ್ಮದು. ಅಂಗಳದಲ್ಲಿ ಹಣ್ಣು ಕುಟ್ಟಿ ಬೀಜ ತೆಗೆಯುವ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಟಕ್ ಟಕ್ ಎನ್ನಿಸುತ್ತಿದ್ದರು. ಹಾಸಿಗೆ, ಸೀರೆ, ನೀರಿನ ಗಡಿಗೆ, ದೇವರ ಪಟ, ಎಲ್ಲಕ್ಕೂ ಅದೇ ಹುಳಿವಾಸನೆ. ಅದರ ಕೆಳಗೆ ಮತ್ತೆ ಬೇರೆ ವಾಸನೆಗಳಿದ್ದವು ಎನ್ನುವುದು ಅಕ್ಕ ಬರುವವರೆಗೆ ಯಾರಿಗೂ ಗೊತ್ತಿರಲಿಲ್ಲ. ನಾನಂತೂ ಎಮ್ಮೆ ಕೊಟ್ಟಿಗೆಯ ಪಕ್ಕ ಮಲಗಿ ಬೆಳೆದವಳು. ನನಗೆ ಮೂಗು ಇದ್ದದ್ದು ನತ್ತು ಹಾಕಿಕೊಳ್ಳುವುದಕ್ಕೆ ಮಾತ್ರ.

ಮೊದಲ ವಾರದಲ್ಲೇ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಡಬ್ಬಿ ಹಿಡಿದು ಹೊರಟಳು. ಬಚ್ಚಲ ತೂಬಿಗೆ ಸೋಡ ಸುರಿದು, ಮೇಲೆ ಕುದಿಯುವ ನೀರು ಹೊಯ್ದಳು. ತಾಮ್ರದ ಹಂಡೆಗೆ ಸೋಡದ ಜೊತೆ ನಿಂಬೆಸಿಪ್ಪೆ ಹಾಕಿ ತಿಕ್ಕಿದಾಗ ಅದು ಹೊಸ ಮದುಮಗನ ಹಾಗೆ ಕೆಂಪಗಾಯಿತು. ಹಾಸಿಗೆಗಳ ಮೇಲೆ ಪುಡಿ ಉದುರಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೋಲಿನಿಂದ ಬಡಿದು ಬಿಸಿಲಿಗೆ ಹಾಕಿದಳು. ಹಾಲು ಮೊಸರು ಇಡುವ ಜಾಲರಿ ಬೀರುವಿನ ಮೂಲೆಯಲ್ಲಿ ಒಂದು ಬಟ್ಟಲು ಸೋಡ ಸುಮ್ಮನೆ ಇಟ್ಟಳು. ಅದು ಒಳಗಿನ ವಾಸನೆಯನ್ನೆಲ್ಲ ಕುಡಿಯುತ್ತದಂತೆ. ವಾಸನೆಗಳೊಡನೆ ಅವಳು ಮಾತಾಡುತ್ತಿದ್ದಳು. ಮಂಚದ ಕೆಳಗೆ ಬಗ್ಗಿ, "ಇಲ್ಲವ್ನೆ ನೋಡು ಕಳ್ಳ, ಬಾ ಈಚೆಗೆ" ಎನ್ನುವಳು. ಒಂದು ಮೂಲೆ ಮುಗಿಯಿತೆಂದರೆ ನನ್ನನ್ನು ಕರೆದು, "ಮೂಸು" ಎನ್ನುವಳು. ನಾನು ಮೂಸಿ, "ಏನೂ ಇಲ್ಲ" ಎಂದರೆ, ತನ್ನ ಚಿನ್ನದ ಸರವನ್ನು ಯಾರೋ ಮೆಚ್ಚಿಕೊಂಡ ಹಾಗೆ ಅವಳ ಮುಖ ಅರಳುತ್ತಿತ್ತು. "ಏನೂ ಇಲ್ಲ ನೋಡು! ಅದನ್ನ ತರೋದೇ ಕಷ್ಟ" ಎನ್ನುವಳು. ಊದಿನಕಡ್ಡಿಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಅದನ್ನ ಹಚ್ಚಿದ್ರೆ ವಾಸನೆ ಹೋಗಲ್ಲ ಕಣೆ, ಅದಕ್ಕೊಂದು ಜೊತೆ ಸಿಕ್ತೈತೆ ಅಷ್ಟೆ."

ಮಾವನವರು ಇದನ್ನೆಲ್ಲ ಮೀಸೆಯಡಿಯಲ್ಲಿ ಸಹಿಸಿಕೊಂಡಿದ್ದರು. ಮಂಡಿಯಲ್ಲಿ ಅವರ ಮಾತೆಂದರೆ ಮಾತು. ಬೆಂಗಳೂರಿನ ವ್ಯಾಪಾರಿಗಳೂ ಅವರ ಎದುರು ಮೆಲ್ಲಗೆ ಮಾತಾಡುತ್ತಿದ್ದರು. ಅಂಥವರ ಚಪ್ಪಲಿಗೆ ಅಕ್ಕ ಕೈ ಹಾಕಿದಳು. ಚಪ್ಪಲಿ ಸಂಜೆಯಿಂದ ಜಗಲಿಯ ಗಾಳಿಯನ್ನೇ ಕೆಡಿಸುತ್ತದೆ ಎಂದು, ಒಳಗೆ ಧಾರಾಳವಾಗಿ ಸೋಡ ತುಂಬಿಟ್ಟಳು. ಬೆಳಗ್ಗೆ ಕೊಡವಬೇಕೆಂದಿದ್ದಳು. ಆದರೆ ಅಂದು ಶುಕ್ರವಾರ. ಮಾವನವರು ಅವಳಿಗಿಂತ ಮೊದಲೇ ಎದ್ದು, ಸ್ನಾನ ಮಾಡಿ, ಒದ್ದೆ ಕಾಲಲ್ಲೇ ಚಪ್ಪಲಿ ಮೆಟ್ಟಿ ಅಮ್ಮನವರ ಗುಡಿಗೆ ಹೋದರು. ಗುಡಿಯ ಮುಂದೆ ಚಪ್ಪಲಿ ಬಿಟ್ಟು ಕರಿಕಲ್ಲಿನ ನೆಲದ ಮೇಲೆ ಗರ್ಭಗುಡಿಯವರೆಗೆ ನಡೆದು, ಕೈ ಮುಗಿದು, ಪಕ್ಕದ ಬಾಗಿಲಿಂದ ಹೊರಬಿದ್ದು, ಚಪ್ಪಲಿ ಮೆಟ್ಟಿ ಮಂಡಿಗೆ ಹೋಗಿಬಿಟ್ಟರು.

ಆಮೇಲೆ ಬಂದ ಹೆಂಗಸರಿಗೆ ಕಂಡದ್ದು ಬಾಗಿಲಿಂದ ಅಮ್ಮನವರ ಸನ್ನಿಧಿಗೆ ಹೋದ ಬೆಳ್ಳನೆಯ ಹೆಜ್ಜೆಗಳು. ಬಂದ ಗುರುತಿದೆ, ವಾಪಸು ಹೋದ ಗುರುತಿಲ್ಲ. ಒಬ್ಬಾಕೆ "ಅಮ್ಮೋರು ಒಳಕ್ಕೆ ಬಂದವ್ರೆ!" ಎಂದು ಕೂಗಿದಳು. ಇನ್ನೊಬ್ಬಾಕೆ ಅರಿಶಿನ ಇಟ್ಟಳು. ಬಲಹೆಜ್ಜೆಗೆ ಆರು ಬೆರಳಿರುವುದು ಕಂಡಾಗ ಗುಂಪೆಲ್ಲ ಅಡ್ಡಬಿತ್ತು. ಪೂಜಾರಪ್ಪನೇ ಕರ್ಪೂರ ಹಚ್ಚಿದ.

ನಮ್ಮ ಅತ್ತೆ ಅಲ್ಲೇ ಇದ್ದರು. ಆ ಆರು ಬೆರಳಿನ ಪಾದಕ್ಕೆ ಮದುವೆಯಾದಂದಿನಿಂದ ಹಬ್ಬಹಬ್ಬಕ್ಕೂ ನಮಸ್ಕಾರ ಮಾಡಿದವರು. ಮನೆಗೆ ಬಂದು ಕಂಬ ಹಿಡಿದು ಕೂತರು. ಹಣೆಯಲ್ಲಿ ಕುಂಕುಮ ಇತ್ತು.

"ಅತ್ತೆ, ನೀವೂ ಕುಂಕುಮ ತಗೊಂಡ್ರಾ?" ಎಂದು ಅಕ್ಕ ಕೇಳಿದಳು.

"ಇನ್ನೇನ್ ಮಾಡ್ಲಮ್ಮ? ಊರೆಲ್ಲ ಅಡ್ಡಬಿದ್ದೈತೆ. ನಾನೊಬ್ಳೇ ನೆಟ್ಟಗೆ ನಿಂತ್ಕೊಂಡ್ರೆ ಅನುಮಾನ ಬರಲ್ವ?"

ಮಾವನವರಿಗೆ ವಿಷಯ ಗೊತ್ತಾದಾಗ ಬೈಯುವುದಕ್ಕೆ ಬಾಯಿ ತೆರೆದರು. ಬೈಗುಳ ಬರಲಿಲ್ಲ. ಊರಿನ ಹೆಂಗಸರೆಲ್ಲ ತಮ್ಮ ಪಾದಕ್ಕೆ ಪೂಜೆ ಮಾಡಿದ್ದು ಅವರಿಗೆ ಪೂರಾ ಬೇಸರದ ವಿಷಯವಾಗಿರಲಿಲ್ಲ ಎಂದು ನನ್ನ ಅನುಮಾನ. ಆದರೆ ಅಂದಿನಿಂದ ಅವರು ಗುಡಿಗೆ ಹೋದರೆ ಪಂಚೆಯನ್ನು ನೆಲ ಮುಟ್ಟುವಂತೆ ಇಳಿಬಿಟ್ಟು, ಬಲಗಾಲನ್ನು ಮುಚ್ಚಿಕೊಂಡೇ ನಡೆಯಬೇಕಾಯಿತು. ಅಕ್ಕನಿಗೆ ಒಂದೇ ಮಾತು ಹೇಳಿದರು: "ನಿನ್ನ ಕಡೆ ಸಾಮಾನಿಗೆ ಏನಾರ ಹಾಕ್ಕೊ ಕಣಮ್ಮ. ನನ್ನ ಸಾಮಾನಿಗೆ ನಿನ್ನ ಸೋಡ ತಗುಲ್ಬಾರ್ದು."

ಅವಳು ಸುಮಾರು ಕಾಲ ಆ ಮಾತು ನಡೆಸಿದಳು. ಕಷ್ಟಪಟ್ಟೇ ನಡೆಸಿದಳು. ಪಡಸಾಲೆ ದಾಟುವಾಗಲೆಲ್ಲ ಸೆರಗಿನ ತುದಿ ಮೂಗಿಗೆ ಹೋಗುತ್ತಿತ್ತು. ನಡುನಡುವೆ ಅಕ್ಕಪಕ್ಕದ ಮನೆಯವರು ಅವಳ ಮೂಗನ್ನು ಎರವಲು ಕೇಳಿಕೊಂಡು ಬರುತ್ತಿದ್ದರು. ತುಪ್ಪ ತಂದು ಮೂಸಿಸುವರು, ಹಾಲು ತಂದು ಮೂಸಿಸುವರು. ಪಕ್ಕದ ಮನೆಗೆ ಹೆಣ್ಣು ನೋಡಲು ಗಂಡಿನವರು ಬಂದ ದಿನ, ಆ ತಾಯಿ ಇವಳ ಕೈಗೇ ಕಾಫಿ ತಟ್ಟೆ ಕೊಟ್ಟು ಕಳಿಸಿದಳು. ಇವಳು ಹುಡುಗನ ಮುಂದೆ ಬಗ್ಗಿ ಲೋಟ ಇಟ್ಟು, ಉಸಿರೆಳೆದುಕೊಂಡು, ಅಡುಗೆಮನೆಗೆ ಬಂದು ತೀರ್ಪು ಹೇಳಿದಳು: "ಮೈಯೆಲ್ಲ ಸೀಮೆಣ್ಣೆ ವಾಸನೆ. ದೀಪದ ಮುಂದೆ ಕೂತು ಓದೋ ಹುಡುಗ. ಕೊಡ್ರಮ್ಮ." ಕೊಟ್ಟರು. ಆ ಹುಡುಗ ಸೀಮೆಎಣ್ಣೆ ಡಿಪೋದಲ್ಲಿ ಕೆಲಸಕ್ಕಿದ್ದ ಎಂದು ಆಮೇಲೆ ತಿಳಿಯಿತು. ಆದರೂ ಒಳ್ಳೆಯ ಹುಡುಗನೇ ಆದ.

ಕೆಟ್ಟದ್ದು ನಡೆದದ್ದು ಮುಂದಿನ ಬೇಸಿಗೆಯಲ್ಲಿ. ಹೊಸ ಹಣ್ಣು ಬಂದು ಪಡಸಾಲೆ ತುಂಬಿತ್ತು. ಎಲ್ಲಕ್ಕಿಂತ ಮೇಲಾದ ಹಣ್ಣನ್ನು ಮಾವನವರು ಬಾಗಿಲ ಎದುರಿಗೇ ಒಂದು ರಾಶಿ ಮಾಡಿಸಿದ್ದರು. ಬೆಂಗಳೂರಿನಿಂದ ದೊಡ್ಡ ಗಿರಾಕಿ ಬರುವವನಿದ್ದ. ಆ ರಾಶಿ ನೋಡಿ ಒಪ್ಪಿದರೆ ವರ್ಷದ ಹಣ್ಣೆಲ್ಲ ಅವನಿಗೇ. ಹಿಂದಿನ ದಿನ ಅಕ್ಕ ಮಾವನವರ ಮುಂದೆ ಹೋಗಿ ನಿಂತಳು.

"ಮಾವ, ಆ ರಾಶಿ ಅಡೀಲಿ ಏನೋ ಸತ್ತೈತೆ."

"ಹುಣಸೆಹಣ್ಣಲ್ಲಿ ಏನು ಸಾಯ್ತೈತಮ್ಮ? ಅದು ಹುಣಸೆಹಣ್ಣಿನ ವಾಸನೆ. ಲಕ್ಷ್ಮಿ ವಾಸನೆ."

"ಲಕ್ಷ್ಮಿ ಅಲ್ಲ ಮಾವ, ಹೆಗ್ಗಣ."

ಮಾವನವರು ಎದ್ದು ಹೋದರು. ಅಕ್ಕ ನಮ್ಮ ಭಾವನ ಹತ್ತಿರ, ಎಂದರೆ ಅವಳ ಗಂಡನ ಹತ್ತಿರ, ಹೇಳಿದಳು. ಭಾವ ಬಹಳ ಮೆತ್ತನೆಯ ಮನುಷ್ಯ. ಅಪ್ಪನ ಮುಂದೆ ಕೆಮ್ಮು ಬಂದರೂ ಅಂಗಳಕ್ಕೆ ಹೋಗಿ ಕೆಮ್ಮಿ ಬರುವವರು. ಅವರು, "ಗಿರಾಕಿ ಬಂದು ಹೋಗ್ಲಿ, ಆಮೇಲೆ ನೋಡಾಣ" ಎಂದರು. ಗಿರಾಕಿ ಮೂಗು ಮುಚ್ಚಿಕೊಂಡು ಓಡಿದರೆ ಮಾವನವರ ಮರ್ಯಾದೆ ಏನಾದೀತು ಎನ್ನುವುದು ಅಕ್ಕನ ಚಿಂತೆ. ಅವಳು ಮಾಡಿದ್ದು ಮಾವನವರಿಗಾಗಿಯೇ. ಸಂಜೆ ಎಲ್ಲರೂ ಹಿತ್ತಲಲ್ಲಿದ್ದಾಗ, ಶೆಟ್ಟರ ಅಂಗಡಿಯಿಂದ ತರಿಸಿದ್ದ ಹೊಸ ಡಬ್ಬಿಯನ್ನು ಪೂರ್ತಿ ಆ ರಾಶಿಯ ಮೇಲೆ ಉದುರಿಸಿ, ಕಾಣದ ಹಾಗೆ ಕೈಯಾಡಿಸಿದಳು. ನಾನು ಬಾಗಿಲು ಕಾದೆ. ವಾಸನೆ ತಗ್ಗಿತು. ಇಬ್ಬರೂ ನೆಮ್ಮದಿಯಾಗಿ ಮುದ್ದೆ ಉಂಡೆವು.

ಸೋಡಕ್ಕೂ ಹುಳಿಗೂ ಆಗುವುದಿಲ್ಲ ಎನ್ನುವುದು ಅಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಹಂಡೆಗೆ ನಿಂಬೆಸಿಪ್ಪೆ ಹಾಕುವಾಗ ದಿನವೂ ನೊರೆ ನೋಡಿದವಳೇ. ಹಣ್ಣು ಒಣಗಿದೆ, ಏನಾಗುತ್ತದೆ ಎಂದುಕೊಂಡಿದ್ದಳು. ಮಳೆಯನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮ ಸೀಮೆಯಲ್ಲಿ ಯಾರೂ ಹಿಡಿಯುವುದಿಲ್ಲ.

ಮಾರನೆಯ ದಿನ ಗಿರಾಕಿ ಬಂದು ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದಾಗಲೇ ದಪ್ಪ ಹನಿಯ ಮಳೆ ಬಂತು. ಪಡಸಾಲೆಯ ಹೆಂಚು ಒಂದು ಕಡೆ ಜಾರಿತ್ತು. ನೀರು ನೇರವಾಗಿ ಆ ರಾಶಿಯ ಮೇಲೆ ಸುರಿಯತೊಡಗಿತು. ಮಾವನವರು ಗಿರಾಕಿಯನ್ನು ಕರೆದುಕೊಂಡು ಒಳಗೆ ಬರುವ ಹೊತ್ತಿಗೆ ರಾಶಿ ಬುಸುಗುಡುತ್ತಿತ್ತು. ನಡುವಿನಿಂದ ಕಂದು ನೊರೆ ಎದ್ದು, ಉಬ್ಬಿ, ಒಡೆದು, ಮತ್ತೆ ಉಬ್ಬುತ್ತಿತ್ತು. ಮೂಟೆ ಹೊರುವವನೊಬ್ಬ ನೋಡಿ, ತಲೆಯ ಟವೆಲು ಬಿಟ್ಟು, ಬೀದಿಗೆ ಓಡಿದ.

"ಅಯ್ಯಯ್ಯೋ, ಚಿಂತಪಂಡು ಊಪಿರಿ ಪೀಲುಸ್ತಾ ಉಂದಿ!"

ಹುಣಸೆಹಣ್ಣು ಉಸಿರಾಡುತ್ತಿದೆ ಎನ್ನುವ ಸುದ್ದಿ ಅವನಿಗಿಂತ ಮೊದಲೇ ಮಂಡಿ ತಲುಪಿತು. ಬಾಗಿಲಲ್ಲಿ ಜನ ಸೇರಿದರು. ಬೆಂಗಳೂರಿನವನು ಧೈರ್ಯಸ್ಥ. ನೊರೆಯಿಲ್ಲದ ಕಡೆಯಿಂದ ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡ. ಮುಖ ಹಿಂಡಬೇಕಾದವನು ಹಿಂಡಲಿಲ್ಲ. ಬಹಳ ಹೊತ್ತು ಜಗಿದ.

"ಗೌಡ್ರೇ, ನಾನು ಹುಟ್ಟಿದಾಗಿಂದ ಹುಣಸೆಹಣ್ಣು ತಿಂದಿದ್ದೀನಿ. ಸೋಪಿನ ರುಚಿ ಇರೋದನ್ನ ಇದೇ ಮೊದಲು ತಿಂತಿರೋದು" ಎಂದ. ಮಳೆ ನಿಲ್ಲುವುದನ್ನೂ ಕಾಯದೆ ಹೊರಟುಹೋದ.

ಕೆಟ್ಟ ರಾಶಿಯನ್ನು ಎತ್ತಿಸಿದಾಗ ಅಡಿಯಲ್ಲಿ ಹೆಗ್ಗಣ ಇತ್ತು. ಎಮ್ಮೆಕರುವಿನ ಹಾಗೆ ದಪ್ಪನಾದ ಹೆಗ್ಗಣ. ಅಕ್ಕ ಅದನ್ನು ತೋರಿಸಿ, "ನೋಡಿ ಮಾವ, ನಾನು ಹೇಳ್ಲಿಲ್ವ?" ಎಂದಳು. ಹೇಳಬಾರದಿತ್ತು. ಮಾವನವರು ಮೊದಲ ಸಲ ಅವಳ ಮೇಲೆ ಕೂಗಿದರು.

"ನಾಳೆ ನಿಮ್ಮಪ್ಪನ ಮನೆಗೆ ಹೋಗು. ಅಲ್ಲಿ ಬೋಂಡಕ್ಕೆ ಹಾಕ್ಕೊ ನಿನ್ನ ಸೋಡಾನ. ನಾನು ಕರೆಯೋವರ್ಗೂ ಬರ್ಬೇಡ."

ಭಾವ ತಲೆ ಬಗ್ಗಿಸಿ ನಿಂತಿದ್ದರು. ಅಕ್ಕ ಅವರ ಮುಖವನ್ನೇ ನೋಡಿದಳು. ಅವರು ಕೆಮ್ಮಲೆಂದು ಅಂಗಳಕ್ಕೆ ಹೋದರು. ಅವಳಿಗೆ ಅಳು ಬಂದದ್ದು ಆಗ, ಮಾವನವರು ಕೂಗಿದಾಗಲ್ಲ. ಬೆಳಗ್ಗೆ ಟ್ರಂಕು ಹಿಡಿದು ಹೊರಟಾಗ ನನ್ನನ್ನು ತಬ್ಬಿಕೊಂಡು, ಮೂಗೇರಿಸುತ್ತ, "ನಿನ್ನ ತಲೆದಿಂಬು ಬಿಸಿಲಿಗಾಕು ಕಣೆ" ಎಂದಳು. ಭಾವ ಅವಳನ್ನು ಕಲ್ಯಾಣದುರ್ಗಕ್ಕೆ ಬಿಟ್ಟು ಒಬ್ಬರೇ ವಾಪಸಾದರು.

ಮನೆ ಮೊದಲಿನಂತಾಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಎಲ್ಲರಿಗೂ ಮೂಗು ಬಂದುಬಿಟ್ಟಿತ್ತು. ಒಂದು ವರ್ಷ ಏನೂ ವಾಸನೆ ಇಲ್ಲದ ಹಾಸಿಗೆಯಲ್ಲಿ ಮಲಗಿ, ಏನೂ ವಾಸನೆ ಇಲ್ಲದ ಲೋಟದಲ್ಲಿ ಕುಡಿದು, ನಮ್ಮನ್ನು ನಾವು ಕೆಡಿಸಿಕೊಂಡಿದ್ದೆವು. ಮೊದಲು ಅತ್ತೆ ಮಜ್ಜಿಗೆ ಲೋಟವನ್ನು ಕೆಳಗಿಟ್ಟು, "ಇದ್ರಲ್ಲಿ ನಿನ್ನೆ ಯಾರು ಸಾರು ಕುಡಿದ್ರು?" ಎಂದರು. ಆಮೇಲೆ ನನ್ನ ಗಂಡ ಚಾಪೆ ಎತ್ತಿಕೊಂಡು ಮಾಳಿಗೆಗೆ ಹೋದರು, ಕೋಣೆಯಲ್ಲಿ ಬಚ್ಚಲು ನಾರುತ್ತದೆಂದು. ಊಟಕ್ಕೆ ಕೂತರೆ ಒಬ್ಬರು ಇನ್ನೊಬ್ಬರ ಕಡೆ ಅನುಮಾನದಿಂದ ತಿರುಗಿ ಉಸಿರೆಳೆಯುವುದು, "ನಾನಲ್ಲ, ನೀನೇ" ಎನ್ನುವುದು. ಅತ್ತೆ ಕೋಣೆಕೋಣೆಗೂ ಊದಿನಕಡ್ಡಿ ಹಚ್ಚಿಸಿದರು. ಹೊಗೆ ಕಂಡು, ಬೆಂಕಿ ಬಿದ್ದಿದೆಯೆಂದು ಎದುರು ಮನೆಯವರು ಕೊಡದಲ್ಲಿ ನೀರು ತಂದರು. ನಾನು ಸೋಡ ಹಿಡಿದು ಅಕ್ಕನ ಹಾಗೆ ಎಲ್ಲ ಕಡೆ ಹಾಕಿ ನೋಡಿದೆ. ಎಲ್ಲಿ ಹಾಕಬೇಕೆಂದು ಹೇಳುವ ಮೂಗು ನನಗಿರಲಿಲ್ಲ. ಒಂದು ಮೂಲೆಯದು ಹೋದರೆ ಇನ್ನೊಂದು ಮೂಲೆಯದು ಎದ್ದು ಕೂರುತ್ತಿತ್ತು.

ಎಲ್ಲರಿಗಿಂತ ಕಷ್ಟಪಟ್ಟವರು ಮಾವನವರು. ಅವರಿಗೆ ತಮ್ಮ ಚಪ್ಪಲಿಯ ವಾಸನೆ ತಮಗೇ ಬರತೊಡಗಿತ್ತು. ಯಾರಿಗೂ ಹೇಳುವಂತಿಲ್ಲ. ಒಂದು ದಿನ ಮೆಲ್ಲಗೆ ಅಂಗಡಿಗೆ ಹೋಗಿ "ಸೋಡ ಕೊಡಪ್ಪ" ಎಂದಿದ್ದಾರೆ. ಯಾವ ಸೋಡ ಎಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. ಪೊಟ್ಟಣದಲ್ಲಿ ಬಂದದ್ದು ಒಗೆಯೋ ಸೋಡ. ಅದನ್ನು ಎರಡೂ ಚಪ್ಪಲಿಗೆ ತುಂಬಿ, ಬೇಸಿಗೆಯ ಬೆವರಿನಲ್ಲಿ ದಿನವೆಲ್ಲ ಮಂಡಿಯಲ್ಲಿ ಓಡಾಡಿದರು. ಸಂಜೆ ಮನೆಗೆ ಬಂದಾಗ ಹಿಮ್ಮಡಿಯ ಮೇಲೆ ನಡೆಯುತ್ತಿದ್ದರು. ಅಂಗಾಲು ಸುಟ್ಟು ಕೆಂಪಗಾಗಿತ್ತು.

"ಏನಾಯ್ತು?" ಎಂದು ಅತ್ತೆ ಕೇಳಿದರು.

"ಏನೂ ಇಲ್ಲ. ವಾಯು" ಎಂದರು ಮಾವ.

ಅಷ್ಟರಲ್ಲಿ ಭಾವ ಕಡಲೆಕಾಯಿ ವ್ಯಾಪಾರ ನೋಡಿ ಬತ್ತೀನಿ ಎಂದು ಕಲ್ಯಾಣದುರ್ಗಕ್ಕೆ ಹೋದವರು ತಿರುಗಿ ಬರಲೇ ಇಲ್ಲ. ನಮ್ಮ ಮನೆಯವರು ಯಾವತ್ತೂ ಕಡಲೆಕಾಯಿ ವ್ಯಾಪಾರ ಮಾಡಿದವರಲ್ಲ. ಕಾದು ಕಾದು, ಒಂದು ಬೆಳಗ್ಗೆ ಮಾವನವರು ಹೊಸ ಪಂಚೆ ಉಟ್ಟು, "ಕಲ್ಯಾಣದುರ್ಗಕ್ಕೆ ಹೋಯ್ತೀನಿ. ಕಡ್ಲೆಕಾಯಿ ನೋಡ್ಬೇಕು" ಎಂದರು. ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದು, "ನೀನೂ ಹೋಗು. ಆ ಮನುಷ್ಯನಿಗೆ ಬೇಡೋಕೆ ಬರಲ್ಲ" ಎಂದರು.

ಪಾವಗಡದಲ್ಲಿ ಬಸ್ಸು ಬದಲಾಯಿಸಬೇಕು. ನಮ್ಮ ಆಂಧ್ರದ ಒಂದು ಊರಿಂದ ಆಂಧ್ರದ ಇನ್ನೊಂದು ಊರಿಗೆ ಮೈಸೂರು ರಾಜ್ಯದ ಮೇಲೆ ಹಾದು ಹೋಗುವುದು ನಮಗೆ ರೂಢಿ. ದಾರಿಯುದ್ದಕ್ಕೂ ಮಾವನವರು ಕಾಲನ್ನು ಮುಂದಿನ ಸೀಟಿನ ಕಂಬಿಯ ಮೇಲೆ ಇಟ್ಟುಕೊಂಡಿದ್ದರು.

ಹೋಟೆಲಿನ ಮುಂದೆ ಇಳಿದಾಗ ಮೊದಲು ಕಂಡದ್ದು ಭಾವ. ಹೆಗಲ ಮೇಲೆ ಟವೆಲು, ಕೈಯಲ್ಲಿ ಒದ್ದೆ ಲೋಟ. ತೊಟ್ಟಿಯ ಪಕ್ಕ ಕೂತು ಸೋಡ ಹಾಕಿ ಉಜ್ಜುತ್ತಿದ್ದರು. ಅಪ್ಪನನ್ನು ಕಂಡು ಎದ್ದು ನಿಂತರು. ಕೆಮ್ಮು ಬಂತು. ಈ ಸಲ ಅಲ್ಲೇ, ಅಪ್ಪನ ಎದುರಿಗೇ ಕೆಮ್ಮಿದರು.

"ಇದೇನ್ಲಾ ಇದು? ಮಂಡಿ ಗೌಡನ ಮಗ ಲೋಟ ತೊಳೀತಾನೆ?"

"ತೊಳೀತೀನಪ್ಪ. ಅವ್ಳು ಬಂದ್ರೆ ಬತ್ತೀನಿ. ಇಲ್ದಿದ್ರೆ ಇಲ್ಲೇ ಇರ್ತೀನಿ."

ಭಾವನ ಬಾಯಲ್ಲಿ ಅಷ್ಟು ಉದ್ದದ ಮಾತನ್ನು ನಾವ್ಯಾರೂ ಕೇಳಿರಲಿಲ್ಲ. ಮಾವನವರು ಬೆಂಚಿನ ಮೇಲೆ ಕುಸಿದು ಕೂತರು. ಅಕ್ಕನ ಅಪ್ಪ ಓಡಿಬಂದು, "ರಂಡಿ ಬಾವಾ, ರಂಡಿ" ಎಂದು ತೆಲುಗಿನಲ್ಲೇ ಬೀಗರನ್ನು ಬರಮಾಡಿಕೊಂಡು ಕೈ ಮುಗಿದು, ಕಾಫಿ ತರಲು ಒಳಗೆ ಹೋದರು. ಅಡುಗೆಮನೆಯಿಂದ ಅಕ್ಕನ ದನಿ ಕೇಳಿತು. "ಹುಣಸೆಹಣ್ಣಿನ ವಾಸನೆ. ಮಾವ ಬಂದವ್ರೆ." ಆದರೆ ಹೊರಗೆ ಬರಲಿಲ್ಲ.

ಮಾವನವರು ಕಾಫಿ ಕುಡಿದರು. ಲೋಟವನ್ನು ಮೂಗಿನ ಹತ್ತಿರ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ನಾನು ನೋಡಿದೆ. ಆಮೇಲೆ ಅಡುಗೆಮನೆಯ ಬಾಗಿಲ ಕಡೆ ತಿರುಗಿ, ಬಾಗಿಲಿಗೇ ಹೇಳುವವರ ಹಾಗೆ ಹೇಳಿದರು:

"ನಮ್ಮನೇಲಿ ಯಾರ್ಗೂ ಊಟ ಸೇರ್ತಾ ಇಲ್ಲ ಕಣಮ್ಮ."

ಒಳಗೆ ಲೋಟ ಜೋಡಿಸುವ ಸದ್ದಾಯಿತು.

"ನಿಮ್ಮತ್ತೆ ದಿನಾ ಹೊಗೆ ಹಾಕ್ತಾಳೆ. ನಿನ್ ಮೈದುನ ಮಾಳಿಗೆ ಮೇಲವ್ನೆ."

ಮಾವನವರು ನನ್ನ ಕಡೆ ನೋಡಿದರು. ಏನಾದರೂ ಹೇಳು ಎನ್ನುವ ಹಾಗೆ. ನನಗೆ ತೋಚಿದ್ದನ್ನು ಕೂಗಿದೆ: "ಅಕ್ಕ, ಮಾವನ ಕಾಲು ನೋಡ್ಬಾ!"

ಅವಳು ಹೊರಗೆ ಬಂದಳು. ನೆಲದ ಮೇಲೆ ಕೂತು, ಮಾವನವರ ಚಪ್ಪಲಿ ಬಿಚ್ಚಿ, ಅಂಗಾಲು ನೋಡಿದಳು. ಚಪ್ಪಲಿಯ ಒಳಗೆ ಬೆರಳಾಡಿಸಿ, ಬೆರಳು ಮೂಸಿದಳು.

"ಒಗೆಯೋ ಸೋಡ ಹಾಕ್ಕೊಂಡ್ರಾ ಮಾವ?"

ಯಾರಿಗೂ ಯಾವತ್ತೂ ಜವಾಬು ಕೊಡದ ಮನುಷ್ಯ, ಬಸ್‌ಸ್ಟ್ಯಾಂಡಿನ ಜನರೆಲ್ಲ ನೋಡುತ್ತಿರುವಾಗ, ಚಿಕ್ಕ ಹುಡುಗನ ಹಾಗೆ "ಊಂ" ಎಂದರು.

ಅವಳು ನಗಲಿಲ್ಲ. ತಣ್ಣೀರಲ್ಲಿ ಕಾಲು ತೊಳೆದು, ಮಜ್ಜಿಗೆ ಹಚ್ಚಿದಳು. ಹಚ್ಚುತ್ತ ಹಚ್ಚುತ್ತ ತಲೆಯೆತ್ತದೆ ಮಾತಾಡಿದಳು. "ಬತ್ತೀನಿ ಮಾವ. ಆದ್ರೆ ನನ್ನ ಕೈಲಿ ಹುಣಸೆಹಣ್ಣಿನ ಜೊತೆ ಸಂಸಾರ ಮಾಡೋಕಾಗಲ್ಲ. ಅದೊಂದ್ಕಡೆ ಇರ್ಲಿ, ಜನ ಒಂದ್ಕಡೆ ಇರ್ಲಿ. ಆ ಸತ್ತ ಹೆಗ್ಗಣ ನಂಗೆ ಕನಸಲ್ಲೂ ನಾರ್ತೈತೆ."

ಹೊರಗೆ ಒಂದು ಬಸ್ಸು ಬಂದು ನಿಂತು, ತುಂಬಿ, ಹೋಯಿತು.

"ಹಣ್ಣು ಅಲ್ಲಿ ನಮ್ಮ ತಾತನ ಕಾಲದಿಂದ ಅದೆ" ಎಂದರು ಮಾವನವರು ಕೊನೆಗೆ. "ಅದನ್ನ ಎಬ್ಬಿಸೋಕಾಗಲ್ಲ ಕಣಮ್ಮ. ನಾವೇ ಎದ್ದು ಹೋಗಾಣ."

ಹಾಗೇ ಆಯಿತು. ದೊಡ್ಡ ಮನೆಯನ್ನು ಪೂರ್ತಿಯಾಗಿ ಹುಣಸೆಹಣ್ಣಿಗೆ ಬಿಟ್ಟುಕೊಟ್ಟು, ನಾವೆಲ್ಲ ಎದುರು ಬೀದಿಯ ಒಂದು ಸಣ್ಣ ಬಾಡಿಗೆ ಮನೆಗೆ ಹೋದೆವು. ಊರು ನಕ್ಕಿತು. ಕಂಬದ ಪಡಸಾಲೆಯಲ್ಲಿ ಹಣ್ಣು ಕಾಲು ಚಾಚಿ ಮಲಗಿದ್ದರೆ, ಯಜಮಾನರ ಸಂಸಾರ ಎರಡು ಕೋಣೆಯಲ್ಲಿ ಮೈ ಒರಸಿಕೊಂಡು ಓಡಾಡುತ್ತಿತ್ತು. ಅತ್ತೆ ಶುಕ್ರವಾರ ಶುಕ್ರವಾರ ದೊಡ್ಡ ಮನೆಗೆ ಹೋಗಿ ಹೊಸಿಲಿಗೆ ಕುಂಕುಮ ಇಟ್ಟು, ನೆಂಟರ ಮನೆಗೆ ಹೋಗಿ ಬಂದವರ ಹಾಗೆ ವಾಪಸು ಬರುತ್ತಿದ್ದರು. ಆದರೆ ಹೊಸ ಮನೆಯಲ್ಲಿ ಏನೂ ವಾಸನೆ ಇರಲಿಲ್ಲ. ಅಕ್ಕ ಒಂದು ವಾರ ಸೋಡ ಹಿಡಿದು ಗೋಡೆಯ ಜೊತೆಗೂ ಸುಣ್ಣದ ಜೊತೆಗೂ ಮಾತಾಡಿ, ಆ ‘ಏನೂ ಇಲ್ಲ’ವನ್ನು ತಂದಿದ್ದಳು. ಎಲ್ಲರಿಗೂ ಊಟ ಸೇರಿತು. ನನ್ನ ಗಂಡ ಮಾಳಿಗೆಯಿಂದ ಇಳಿದು ಬಂದರು.

ಮಾವನವರು ಮಾತ್ರ ಸೊರಗಿದರು. ಕಣ್ಣು ಕೆಂಪಗೆ, ಮಾತು ಕಡಿಮೆ. ನಿದ್ದೆ ಬರುತ್ತಿಲ್ಲ ಎಂದು ಅತ್ತೆ ನಮ್ಮ ಹತ್ತಿರ ಗುಟ್ಟಾಗಿ ಹೇಳಿದರು. ಹೀಗೆ ಒಂದಷ್ಟು ದಿನ ನಡೆದು, ಆಮೇಲೆ ಯಾರೂ ಮದ್ದು ಕೊಡದೆಯೇ ಸರಿಹೋದರು. ಬೆಳಗ್ಗೆ ಗೊರಕೆ ಹೊಡೆಯುತ್ತ ಮಲಗಿರುವವರನ್ನು ಎಬ್ಬಿಸಬೇಕಾಗುತ್ತಿತ್ತು.

ಅವರು ಮಂಡಿಗೆ ಹೋದ ಮೇಲೆ ಹಾಸಿಗೆ ತೆಗೆಯುವುದು ಅಕ್ಕನ ಕೆಲಸ. ಒಂದು ದಿನ ನಾನು ಬಾಗಿಲಲ್ಲಿ ನಿಂತಿದ್ದು ಅವಳಿಗೆ ಗೊತ್ತಾಗಲಿಲ್ಲ. ಹಾಸಿಗೆಗೆ ಸೋಡ ಉದುರಿಸಿ ಬಡಿದು ಬಿಸಿಲಿಗೆ ಹಾಕಿ, ಹೊದಿಕೆ ಒದರಿ, ತಲೆದಿಂಬಿನ ಗವಸಿನೊಳಗೆ ಕೈ ಹಾಕಿದಳು. ಒಂದು ಹಳೆಯ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಒಳಗೆ ನಿಂಬೆಗಾತ್ರದ ಹುಣಸೆಹಣ್ಣು. ನಿದ್ದೆ ಬರಲೆಂದು ಮಾವನವರು ದೊಡ್ಡ ಮನೆಯಿಂದ ಕದ್ದು ತಂದಿದ್ದರು. ಅಕ್ಕ ಅದನ್ನು ಬೆರಳಲ್ಲಿ ಒತ್ತಿ ನೋಡಿದಳು. ಒಣಗಿ ಕಲ್ಲಾಗಿತ್ತು, ವಾಸನೆ ಹೋಗಿತ್ತು ಅಂತ ಕಾಣುತ್ತದೆ. ಅದನ್ನು ತೆಗೆದಿಟ್ಟು, ತನ್ನ ಸೆರಗಿನ ಗಂಟಿನಿಂದ ಹೊಸ ಹಣ್ಣಿನ ಉಂಡೆಯೊಂದನ್ನು ಬಿಚ್ಚಿ, ಅದೇ ಬಟ್ಟೆಯಲ್ಲಿ ಕಟ್ಟಿ, ದಿಂಬಿನೊಳಗೆ ಇದ್ದ ಜಾಗದಲ್ಲೇ ಇಟ್ಟಳು.

ತಿರುಗಿದಾಗ ನಾನು ಅವಳ ಕಣ್ಣಿಗೆ ಬಿದ್ದೆ. ಅವಳಿಗೆ ನಾಚಿಕೆಯಾಯಿತು. ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದು, ನನ್ನ ಬಾಯಿಯ ಮೇಲೆ ಬೆರಳಿಟ್ಟಳು.

"ನಂಗೆ ಗೊತ್ತು ಅಂತ ಮಾವಂಗೆ ಹೇಳ್ಬೇಡ ಕಣೆ" ಎಂದಳು. "ಪಾಪ, ಇಟ್ಕೊಳ್ಳೋದು ನಿಲ್ಲಿಸ್ಬುಡ್ತಾರೆ."